ಹಳದಿಯಾಗದ ಕಣ್ಣು

ದೊಡ್ಡಮ್ಮನ ಹೆಬ್ಬೆರಳಿಗೆ ಸದಾ ಬಂಗುಡೆಯ ವಾಸನೆ. ಆ ಬೆರಳಿನಿಂದಲೇ ನಮ್ಮ ಕೆಳರೆಪ್ಪೆ ಜಗ್ಗಿ, ಮುಖವನ್ನು ಬಿಸಿಲಿಗೆ ತಿರುಗಿಸಿ, ಕಾಮಾಲೆ ಇದೆಯೋ ಇಲ್ಲವೋ ಎಂದು ತೀರ್ಪು ಕೊಡುತ್ತಿದ್ದಳು. ಮರವಂತೆಯ ನಮ್ಮ ಕೇರಿಯಲ್ಲಿ ಅದಕ್ಕೆ ಮೇಲ್ಮನವಿ ಇರಲಿಲ್ಲ. ಕಣ್ಣುರಿದು ನೀರು ಬಂದರೆ ಬೈಗುಳವೂ ನಮಗೇ.

ಮದುವೆಯಾದ ಹೊಸತರಲ್ಲಿ ದೊಡ್ಡಪ್ಪನಿಗೆ ಕಾಮಾಲೆ ಬಂದಿತ್ತಂತೆ. ಎಣ್ಣೆ, ಮೀನು ಬಿಡಿಸಿ, ಬೇರಿನ ಮದ್ದು ಅರೆದು ಕುಡಿಸಿ, ಅವರನ್ನು ಉಳಿಸಿಕೊಂಡವಳು ತಾನೇ ಎಂಬ ಹೆಮ್ಮೆ ಇವಳಿಗೆ. "ಅವ್ರ್ ಉಂಡ್ ಬಟ್ಲಗೇ ನಾನೂ ಉಂಡದ್. ನನ್ ಕಣ್ ಹಳದಿ ಆಯ್ತಾ? ಕಾಣ್," ಎಂದು ತನ್ನ ರೆಪ್ಪೆಯನ್ನೂ ಜಗ್ಗಿ ತೋರಿಸುತ್ತಿದ್ದಳು.

ಆ ಬಿಳಿ ಕಣ್ಣನ್ನು ನಾವೆಲ್ಲ ನಂಬಿದ್ದೆವು. ವರ್ಷಗಳ ಮೇಲೆ ಅವಳ ಹೊಟ್ಟೆ ಊದಿಕೊಂಡಾಗ, ಗ್ಯಾಸ್ ಎಂದು ಓಮದ ನೀರು ಕುಡಿಯುತ್ತಾ ಕೂತಳು. ಕುಂದಾಪುರಕ್ಕೆ ನಾನೇ ಎಳೆದುಕೊಂಡು ಹೋದೆ. ಡಾಕ್ಟರು ಹೆಪಟೈಟಿಸ್ ಬಿ ಎಂದರು. ಲಿವರ್ ಆಗಲೇ ಗಟ್ಟಿಯಾಗಿ, ಗಡ್ಡೆಯೂ ಬೆಳೆದಿತ್ತು.

"ನನ್ ಕಣ್ ಹಳದಿ ಆಯ್ಲಿಲ್ಲ ಅಲ್ದಾ ಡಾಕ್ಟ್ರೇ?"

"ಅದೇ ತೊಂದರೆ ಆದದ್ದು, ಅಮ್ಮ," ಎಂದರು. ದೊಡ್ಡಪ್ಪನ ಕಾಮಾಲೆಯ ಕತೆ ಕೇಳಿ ಅವರು ಬಿಡಿಸಿ ಹೇಳಿದರು: ದೊಡ್ಡಪ್ಪನ ಮೈ ವೈರಸ್ಸನ್ನು ಗುರುತಿಸಿ, ಅದು ಹೊಕ್ಕ ಲಿವರಿನ ಜೀವಕೋಶಗಳನ್ನೇ ಕೊಂದು ಅದನ್ನು ಓಡಿಸಿತ್ತು. ಆ ಹಳದಿ ಅದೇ ಜಗಳದ್ದು. ದೊಡ್ಡಮ್ಮನಿಗೆ ಹುಟ್ಟುವಾಗಲೇ ತಾಯಿಯಿಂದ ಬಂದಿರಬೇಕು. ಎಳೆ ಮೈಗೆ ಅದು ಹೊರಗಿನದೆಂದು ತಿಳಿಯಲಿಲ್ಲ. ಮೈ ವರ್ಷಗಟ್ಟಲೆ ಸುಮ್ಮನಿದ್ದು, ಆಮೇಲೆ ಅರೆಬರೆ ಹೋರಾಡಿ, ಗೆಲ್ಲಲಾರದೆ ತನ್ನ ಲಿವರನ್ನೇ ಹಾಳುಮಾಡಿಕೊಂಡಿತು. ದೊಡ್ಡಪ್ಪನಿಗೆ ಹತ್ತಿದ್ದೂ ಬಹುಶಃ ಇವಳಿಂದಲೇ.

ಅವಳು ಅಳಲಿಲ್ಲ. ಬಸುರಿಯಾಗಿದ್ದ ನನ್ನತ್ತ ಕೈತೋರಿ ಡಾಕ್ಟರಿಗೆ, "ನಂಗ್ ಹೆತ್ತ ಅಬ್ಬಿಯಿಂದ ಬಂದದ್ ಆರೆ ನನ್ ತಂಗಿಗೂ ಬಂದಿರತ್. ಇವ್ಳ್ ಅವ್ಳ್ ಮಗ್ಳ್. ಇವ್ಳ್ ರಕ್ತ ಕಾಣಿ," ಎಂದಳು. ಬಸುರಿಯರ ರಕ್ತಪರೀಕ್ಷೆಯನ್ನು ನಾನು ಇನ್ನೂ ಮಾಡಿಸಿರಲಿಲ್ಲ. ನನ್ನಲ್ಲೂ ಇತ್ತು.

ಹಾಗಾಗಿ ನನ್ನ ಮಗಳು ಹುಟ್ಟಿದ ಕೂಡಲೇ ಎರಡೂ ತೊಡೆಗೆ ಸೂಜಿ ಬಿತ್ತು. ಒಂದು ಲಸಿಕೆ, ಇನ್ನೊಂದು ವೈರಸ್ಸನ್ನು ತಡೆಯಲು ಬೇರೆಯವರ ರಕ್ತದಿಂದ ತೆಗೆದ ರೋಗನಿರೋಧಕ ಮದ್ದು.

ನಮ್ಮ ಕುಟುಂಬದ ಮಕ್ಕಳನ್ನೆಲ್ಲ ಕಾಲು ಚಾಚಿ ಮಲಗಿಸಿಕೊಂಡು ಮೀಯಿಸಿದವಳು ದೊಡ್ಡಮ್ಮ. ಬಾಣಂತನ ಮುಗಿಸಿ ಮಗುವನ್ನು ಒಯ್ದರೆ ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಂಡಳು.

"ಬ್ಯಾಡ ಹೆಣೆ. ನಾ ಮುಟ್ಟುಕಾಗ."

"ಮುಟ್ಟಿರೆ ಬತ್ತಿಲ್ಲ ದೊಡ್ಡಮ್ಮ, ಡಾಕ್ಟ್ರೇ ಹೇಳಿರ್."

"ಅವ್ರೇ ಅಲ್ದಾ, ಕಣ್ ಹಳದಿ ಆಪ್ದೇ ಒಳ್ಳೇದ್ ಅಂದದ್? ಇನ್ ನಾ ಎಂತ ನಂಬುದ್ ಹೇಳ್."

ಹದಿನೈದು ದಿನಕ್ಕೆ ಅವಳು ತೀರಿಕೊಂಡಳು.

ಮುಂದೆ ಮಗಳ ರಕ್ತ ನೋಡಿ, ವೈರಸ್ ಇಲ್ಲ ಎಂದರು. ಅವಳು ಉಳಿದದ್ದು ದೊಡ್ಡಮ್ಮನಿಂದ. ಅಂಥವಳು ನನ್ನ ಮಗುವನ್ನು ಒಮ್ಮೆಯೂ ಎತ್ತಿಕೊಳ್ಳದೆ ಹೋದಳಲ್ಲ ಎಂಬ ಸಂಕಟ ನನ್ನನ್ನು ಬಿಟ್ಟಿಲ್ಲ.