ಇಡ್ಲಿ ಪಾತ್ರೆಯಲ್ಲಿ ಬೆಂದ ಬ್ಲಾಕ್ಸ್

ಜೂನ್ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಹತ್ತು ಗಂಟೆ. ಮುಲುಂಡಿನ ನಮ್ಮ ಫ್ಲ್ಯಾಟಿನ ಹಾಲ್‌ನಲ್ಲಿ ನಾನು, ಸೊಸೆ ಮತ್ತು ಆರು ವರ್ಷದ ಮೊಮ್ಮಗಳು ಹಾಜರಿದ್ದೆವು. ಮಗನೂ ಇದ್ದ. ಆದರೆ ಮೊಬೈಲ್ ನೋಡುತ್ತಿರುವವರನ್ನು ನಾನು ಹಾಜರಿಗೆ ಸೇರಿಸುವುದಿಲ್ಲ.

ನೆಲದ ಮೇಲೆ ಒಂದಕ್ಕೊಂದು ಸಿಕ್ಕಿಸಿ ಆಡುವ ಪ್ಲಾಸ್ಟಿಕ್ ಬ್ಲಾಕ್ಸ್, ಎರಡು ಡಬ್ಬ. ಒಂದು ಮಗ ಮಾಲ್‌ನಿಂದ ತಂದ ವಿದೇಶಿ ಕಂಪನಿಯದು. ಇನ್ನೊಂದು ನಾನು ಸ್ಟೇಷನ್ ಎದುರಿನ ಅಂಗಡಿಯಲ್ಲಿ ಅದರ ಐದನೇ ಒಂದು ಪಾಲು ಬೆಲೆಗೆ ಕೊಂಡದ್ದು. ಡಬ್ಬ ತೆರೆದಿದ್ದರೂ ಸರಿ, ಬ್ಲಾಕ್ ಹಾಳಾಗಿರದಿದ್ದರೆ ಅಂದು ಸಂಜೆಯವರೆಗೆ ವಾಪಸ್ ತೆಗೆದುಕೊಳ್ಳುತ್ತೇವೆ ಎಂದು ಮಾಲ್‌ನವರು ಹೇಳಿದ್ದರು. ಅಗ್ಗದ್ದೇ ಸಾಕೆನಿಸಿದರೆ ದುಬಾರಿಯದು ಹಿಂದಕ್ಕೆ ಹೋಗಬೇಕು. ಮೊಮ್ಮಗಳಿಗೆ ಬೇಕಿದ್ದುದು ದುಬಾರಿಯದೇ. ಹಿಂದಿನ ರಾತ್ರಿ ಅದನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದ್ದಳು.

ನಾನು ಪರೇಲಿನ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನಲ್ಲಿ ಸಿಸ್ಟರ್ ಆಗಿದ್ದು ನಿವೃತ್ತಳಾದವಳು. ಪರೀಕ್ಷಿಸದೆ ಒಂದು ಕತ್ತರಿಯನ್ನೂ ಟ್ರೇಗೆ ಇಟ್ಟವಳಲ್ಲ. ಎರಡರಲ್ಲೂ ಒಂದೇ ಎತ್ತರದ ಗೋಪುರ ಕಟ್ಟಿಸಿ, ಮೇಲಿನ ಬ್ಲಾಕ್ ಹಿಡಿದು ಎತ್ತಿದೆ. ವಿದೇಶಿಯದು ಇಡಿಯಾಗಿ ಮೇಲೆದ್ದಿತು. ನನ್ನದರ ತಲೆ ಮಾತ್ರ ಕೈಗೆ ಬಂತು. ಕೆಲವು ಸಡಿಲ, ಕೆಲವು ಬಿಡಿಸಲು ಹೋದರೆ ಉಗುರು ಕೀಳುವಷ್ಟು ಬಿಗಿ.

"ಅಜ್ಜಿ, ನಿಮ್ದು ಢೀಲಾ ಹೈ," ಎಂದಳು ಮೊಮ್ಮಗಳು.

ಸಡಿಲವಾದವನ್ನು ಆರಿಸಿ ತೆಗೆದರೂ ಉಳಿದದ್ದು ಆಟಕ್ಕೆ ಧಾರಾಳ ಎಂದು ತೀರ್ಪು ಕೊಟ್ಟೆ. ಅವಳು ಅಳಲಿಲ್ಲ. ವಿದೇಶಿ ಬ್ಲಾಕ್ ಒಂದನ್ನು ಬಾಯಲ್ಲಿಟ್ಟುಕೊಂಡು ಕೂತಳು. ತೆಗೆ ಎಂದರೆ ತೆಗೆದು, ಇನ್ನೊಂದನ್ನು ಇಟ್ಟುಕೊಂಡಳು.

ಎಂಜಲಾದದ್ದನ್ನು ಹಾಗೆಯೇ ಅಂಗಡಿಗೆ ಕೊಡುವುದು ಹೇಗೆ? ನಾಳೆ ಅದು ಬೇರೊಂದು ಮಗುವಿನ ಕೈಗೆ ಹೋಗುವಂಥದ್ದು. ಯಾವುದು ಎಂಜಲು, ಯಾವುದಲ್ಲ ಎಂದು ತಿಳಿಯದ್ದರಿಂದ ವಿದೇಶಿ ಬ್ಲಾಕ್‌ಗಳನ್ನೆಲ್ಲ ಇಡ್ಲಿ ಪಾತ್ರೆಗೆ ಸುರಿದು, ನೀರು ಹೊಯ್ದು, ಹಿಂದೆ ಚಿಮಟ, ಕತ್ತರಿಗಳನ್ನು ಕುದಿಸುತ್ತಿದ್ದಂತೆ ಕುದಿಸಿದೆ.

ಸೋಸಿ ಬಟ್ಟೆಯ ಮೇಲೆ ಹರಡಿದಾಗ, ತಳದಲ್ಲಿದ್ದವು ಕರಿದ ಹಪ್ಪಳದಂತೆ ಸೊಟ್ಟಗಾಗಿದ್ದವು. ವಾಸನೆಗೆ ಸೊಸೆ ಅಡುಗೆಮನೆಗೆ ಬಂದಳು.

"ಎಂತ ಮಾಡಿದ್ದು ಅತ್ತೆ ಇದು?"

"ಒಂದು ಕ್ರಿಮಿ ಉಳಿದಿಲ್ಲ," ಎಂದೆ.

"ಬ್ಲಾಕೂ ಉಳಿದಿಲ್ಲ. ಇದನ್ನು ಮಾಲ್‌ನವರು ತೆಕ್ಕೊಳ್ತಾರಾ?"

ಮೊಮ್ಮಗಳು ಅವಳ ಸೆರಗಿನ ಹಿಂದಿನಿಂದ ಇಣುಕಿದಳು. "ವಾಪಸ್ ಹೋಗೋದಿಲ್ವಾ ಅಜ್ಜಿ? ಪಕ್ಕಾ?"

ಹೋಗುವುದಿಲ್ಲ ಎನ್ನದೆ ನನಗೆ ಬೇರೆ ದಾರಿ ಇರಲಿಲ್ಲ. ಅವಳು ಎಲ್ಲವನ್ನೂ ಫ್ರಾಕಿನಲ್ಲಿ ತುಂಬಿಕೊಂಡು, ಆರುವವರೆಗೂ ಕಾಯದೆ, ನೀರು ತೊಟ್ಟಿಕ್ಕಿಸುತ್ತಾ ಓಡಿದಳು. ಮಧ್ಯಾಹ್ನದೊಳಗೆ ಹಾಲ್‌ನಲ್ಲಿ ಲೋಕಲ್ ರೈಲು ನಿಲ್ಲುವ ಪ್ಲಾಟ್‌ಫಾರ್ಮ್ ಎದ್ದಿತು. ಸೊಟ್ಟಗಾದವು ಬೆಂಚುಗಳಾದವು. ನನ್ನ ಬಿಗಿ ಬ್ಲಾಕ್‌ಗಳನ್ನು ಅವಳು ಅಡಿಪಾಯಕ್ಕೆ ಹಾಕಿದ್ದಳು. ಎರಡು ಕಂಪನಿಯವೂ ಒಂದಕ್ಕೊಂದು ಕೂರುತ್ತವೆಯೇ ಎಂಬುದನ್ನು ನಾನು ಪರೀಕ್ಷಿಸಿಯೇ ಇರಲಿಲ್ಲ.

ಸಂಜೆ ಇಡ್ಲಿ ಪಾತ್ರೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿದೆ. ಸೊಸೆ ಮೂಸಿ ನೋಡಿ ಇನ್ನೊಮ್ಮೆ ಎಂದಳು. ಇನ್ನೊಮ್ಮೆ ತಿಕ್ಕಿ, ತೊಳೆದು, ಒರೆಸಿ, ಕವುಚಿ ಹಾಕಿದೆ.