ಕಣ್ಣುರಿಸದ ಹೊಗೆ

ತಿಪಟೂರಿನ ಕಡೆಯ ಐಟಿಐ ಒಂದರಲ್ಲಿ ಮೋಟಾರ್ ಮೆಕ್ಯಾನಿಕ್ ವಿಭಾಗದ ಬೋಧಕನಾಗಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಾನು ನಿವೃತ್ತನಾದೆ. ಈಗ ಹೇಳಹೊರಟಿರುವ ಪ್ರಸಂಗ ನಡೆದದ್ದು ಅದರ ಮರುವರ್ಷದ ಆಷಾಢದಲ್ಲಿ. ಆಗ ನನಗೆ ಹುದ್ದೆ ಇರಲಿಲ್ಲ, ಬಾಯಿ ಮಾತ್ರ ಇತ್ತು. ಮೇಷ್ಟರ ಬಾಯಿಗೆ ನಿವೃತ್ತಿ ಇಲ್ಲ ಎಂದು ನನ್ನ ಹೆಂಡತಿ ಇವತ್ತಿಗೂ ಹೇಳುತ್ತಾಳೆ.

ಪ್ರತಿ ವರ್ಷ ಹೊಸ ತಂಡ ಬಂದ ಮೊದಲ ದಿನ ನಾನು ಕಪ್ಪುಹಲಗೆಯ ಮೇಲೆ ಒಂದೇ ವಾಕ್ಯ ಬರೆಯುತ್ತಿದ್ದೆ. ‘ಮುಚ್ಚಿದ ಜಾಗದಲ್ಲಿ ಎಂಜಿನ್ ಚಾಲೂ ಮಾಡಬಾರದು.’ ಎಂಜಿನ್ ಉಗುಳುವ ಗಾಳಿಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲವಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಿನ ಜೊತೆ ಒಳಗೆ ಹೋಗಿ ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ತಾನು ಕೂತುಬಿಡುತ್ತದೆ. ಮೊದಲು ತಲೆನೋವು, ಆಮೇಲೆ ಓಕರಿಕೆ, ಆಮೇಲೆ ನಿದ್ದೆ. ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ತಪ್ಪು ಬರೆದವನಿಗೆ ಒಂದು ವಾರ ಗ್ರೀಸ್ ಒರೆಸುವ ಶಿಕ್ಷೆ ಕೊಡುತ್ತಿದ್ದೆ.

ಮಲ್ಲೇಶ ಅದನ್ನು ಸರಿಯಾಗಿ ಬರೆದಿದ್ದ. ದಂಡಿನಶಿವರದ ಆಚೆಯ ಊರಿನವನು, ಇಪ್ಪತ್ತು ವರ್ಷದ ಹಿಂದಿನ ನನ್ನ ವಿದ್ಯಾರ್ಥಿ. ಸರ್ಟಿಫಿಕೇಟು ಪೆಟ್ಟಿಗೆಯಲ್ಲಿಟ್ಟು ತಂದೆ ಸಿದ್ದಲಿಂಗಪ್ಪನವರ ಜೊತೆ ತೋಟ, ಕೊಬ್ಬರಿ ನೋಡಿಕೊಂಡಿದ್ದ. ಕಾಯಿ ಸಾಗಿಸಲು ಒಂದು ಸಣ್ಣ ಪೆಟ್ರೋಲ್ ಪಿಕಪ್ ಇಟ್ಟುಕೊಂಡಿದ್ದ. ಒಂದು ದಿನ ಫೋನು ಮಾಡಿ, ಗಾಡಿಗೆ ಹೊಸ ಎಕ್ಸಾಸ್ಟ್ ತರಿಸಿದ್ದೇನೆ, ಮನೆಯಲ್ಲೇ ಕೂರಿಸುತ್ತೇನೆ ಎಂದ.

ಎಕ್ಸಾಸ್ಟ್ ಎಂದರೆ ಎಂಜಿನ್ನಿನಿಂದ ಹಿಂದಿನ ತುದಿಯವರೆಗೆ ಹೋಗುವ ಹೊಗೆಕೊಳವೆ, ಸೈಲೆನ್ಸರ್ ಎಲ್ಲ ಸೇರಿದ ಸೆಟ್ಟು. ಕಂಪನಿಯ ಸೆಟ್ಟಿನಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಡಬ್ಬಿಯೂ ಇರುತ್ತದೆ. ವಿಷಾನಿಲವನ್ನು ಸುಟ್ಟು ನಿರಪಾಯ ಮಾಡುವುದು ಅದರ ಕೆಲಸ. ಮಲ್ಲೇಶನ ಗಾಡಿಯ ಡಬ್ಬಿ ಕಟ್ಟಿಕೊಂಡು ಗಾಡಿಗೆ ಎಳೆತವೇ ಇಲ್ಲದಂತಾಗಿತ್ತು. ಅವನು ಆನ್‌ಲೈನಿನಲ್ಲಿ ತರಿಸಿದ್ದ ಹೊರಗಿನ ಸೆಟ್ಟಿನಲ್ಲಿ ಆ ಡಬ್ಬಿಯೇ ಇರಲಿಲ್ಲ. ನೇರ ಕೊಳವೆ, ಕೊನೆಯಲ್ಲೊಂದು ಹೊಳೆಯುವ ಸೈಲೆನ್ಸರ್.

“ಕನ್ವರ್ಟರ್ ತೆಗೆದು ಓಡಿಸೋದು ಕಾನೂನಿಗೆ ಒಪ್ಪಲ್ಲ ಕಣಪ್ಪ” ಎಂದೆ.

“ಎಲ್ಲಾರೂ ಹಂಗೇ ಹಾಕ್ಕೊಂಡವ್ರೆ ಸಾರ್. ನೀವು ಬಂದು ಸುಮ್ನೆ ಕುಂತ್ರೆ ಸಾಕು.”

ಬೇಡ ಎನ್ನಬೇಕಿತ್ತು. ಆದರೆ ಒಂದು ವರ್ಷದಿಂದ ನನ್ನನ್ನು ಯಾವ ಕೆಲಸಕ್ಕೂ ಯಾರೂ ಕರೆದಿರಲಿಲ್ಲ. ಮರುದಿನ ಬೆಳಿಗ್ಗೆ ಹಳೆಯ ಸ್ಪ್ಯಾನರ್ ಸೆಟ್ಟು ಚೀಲಕ್ಕೆ ಹಾಕಿಕೊಂಡು ಮೊದಲ ಬಸ್ಸಿಗೇ ಹೊರಟೆ.

ಕೆಲಸ ನಡೆದದ್ದು ಕಾಯಿ ಮನೆಯಲ್ಲಿ. ಆ ಕಟ್ಟಡದ ಬಗ್ಗೆ ಎರಡು ಮಾತು ಹೇಳಬೇಕು. ನಮ್ಮ ಕಡೆ ಕೊಬ್ಬರಿ ಎಂದರೆ ಉಂಡೆ ಕೊಬ್ಬರಿ. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗುತ್ತದೆ. ಅಟ್ಟದ ನೆಲಕ್ಕೆ ಗಾಳಿಯಾಡಲೆಂದು ಮರದ ಪಟ್ಟಿಗಳನ್ನು ಸಂದು ಬಿಟ್ಟು ಹೊಡೆದಿರುತ್ತಾರೆ. ಮಳೆಗಾಲದಲ್ಲಿ ಕೆಳಗೆ ಒಣ ಮಟ್ಟೆಯ ಹೊಗೆ ಹಾಕಿ ಮೇಲಿನ ಕಾಯಿಗೆ ತೇವ ತಟ್ಟದಂತೆ ನೋಡಿಕೊಳ್ಳುತ್ತಾರೆ. ಆ ಹೊಗೆಗೆ ಕಣ್ಣು ಉರಿದು ನೀರು ಸುರಿಯುತ್ತದೆ. ಈ ಸೀಮೆಯ ಜನ ಹೊಗೆಯನ್ನು ಅಳೆಯುವುದು ಕಣ್ಣಿನಿಂದಲೇ. ಉರಿದರೆ ಹೊರಗೆ ಬರುತ್ತಾರೆ, ಉರಿಯದಿದ್ದರೆ ಕೂತಿರುತ್ತಾರೆ.

ಸಿದ್ದಲಿಂಗಪ್ಪನವರು ಬೆಳಗಿನಿಂದ ಅಟ್ಟದ ಮೇಲೆಯೇ ಇದ್ದರು. ಎಪ್ಪತ್ತೆರಡು ವರ್ಷದ ಗಟ್ಟಿ ಜೀವ. ಒಂದೊಂದೇ ಕಾಯಿ ಎತ್ತಿ ಕಿವಿಯ ಹತ್ತಿರ ಕುಲುಕುತ್ತಿದ್ದರು. ನೀರಿದ್ದರೆ ಗುಳುಗುಳು, ಒಣಗಿದ್ದರೆ ಲೊಡಲೊಡ. ಇದು ಯಾರಿಗಾದರೂ ತಿಳಿಯುತ್ತದೆ. ಆದರೆ ಅವರು ಇನ್ನು ಎಷ್ಟು ವಾರ ಬೇಕು, ಒಳಗೆ ಬೂಷ್ಟು ಹಿಡಿದಿದೆಯೇ ಎಂಬುದನ್ನೂ ಕುಲುಕಿಯೇ ಹೇಳುತ್ತಿದ್ದರು. ಸುತ್ತಿನ ಹತ್ತು ಹಳ್ಳಿಯವರು ಅಟ್ಟದಿಂದ ಕಾಯಿ ಇಳಿಸುವ ಮುಂಚೆ ಅವರ ಕಿವಿಯನ್ನು ಕರೆಸಿಕೊಳ್ಳುತ್ತಿದ್ದರು. ವರ್ಷದ ಫಸಲನ್ನು ಒಬ್ಬರ ಕಿವಿಗೆ ಒಪ್ಪಿಸುವುದು ಸಣ್ಣ ಮಾತಲ್ಲ.

ನಾವು ಕೆಳಗೆ ಕೆಲಸಕ್ಕಿಳಿದೆವು. ಗಾಡಿಯ ಹಿಂಭಾಗವನ್ನು ಜಾಕಿನಿಂದ ಎತ್ತಿ ತೆಂಗಿನ ದಿಮ್ಮಿಗಳ ಮೇಲೆ ಕೂರಿಸಿದ್ದಾಗಿತ್ತು. ನನ್ನ ಮಂಡಿ ಬಗ್ಗುವುದಿಲ್ಲವಾದ್ದರಿಂದ ನಾನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಬಾಯಿ ಬಳಸಿದೆ, ಮಲ್ಲೇಶ ಗಾಡಿಯ ಕೆಳಗೆ ಮಲಗಿ ಕೈ ಬಳಸಿದ. ತುಕ್ಕು ಹಿಡಿದ ನಟ್ಟುಗಳಿಗೆ ಹಿಂದಿನ ದಿನವೇ ಕೊಬ್ಬರಿ ಎಣ್ಣೆ ಬಿಟ್ಟಿದ್ದನಂತೆ. “ನಟ್ಟಿಗೆ ತಲೆಸ್ನಾನ ಮಾಡ್ಸೋಕೆ ಐಟಿಐಗೆ ಯಾಕೋ ಬಂದಿದ್ದೆ?” ಎಂದು ರೇಗಿಸಿದೆ. ನಕ್ಕ. ಮೇಲಿನಿಂದ ಯಜಮಾನರೂ ನಕ್ಕದ್ದು ಕೇಳಿಸಿತು. ಲೊಡಲೊಡ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

ಮಧ್ಯಾಹ್ನ ಎರಡರ ಹೊತ್ತಿಗೆ ಹೊಸ ಕೊಳವೆ ಕೂತಿತು. ಆದರೆ ಎರಡು ಕೊಳವೆ ಸೇರುವಲ್ಲಿ ಇಡುವ ಗ್ಯಾಸ್ಕೆಟ್ ಅಳತೆಗೆ ಹೊಂದಲಿಲ್ಲ. ಇದ್ದುದನ್ನೇ ಕತ್ತರಿಸಿ ಹಾಕಿದೆವು. ಸೋರುತ್ತದೆಯೇ ನೋಡಬೇಕಿತ್ತು. ಹಿಂದಿನ ತುದಿಯನ್ನು ಮುಕ್ಕಾಲು ಮುಚ್ಚಿ ಎಂಜಿನ್ ಚಾಲೂ ಮಾಡಿದರೆ ಒತ್ತಡಕ್ಕೆ ಸೋರುವ ಜಾಗದಲ್ಲಿ ಸೋಪಿನ ನೀರು ಗುಳ್ಳೆಯೇಳುತ್ತದೆ. ನಾನೇ ಕಲಿಸಿದ್ದ ವಿಧಾನ. ಮಲ್ಲೇಶ ನೆನೆಸಿದ ತೆಂಗಿನ ನಾರನ್ನು ಕೊಳವೆಯ ಬಾಯಿಗೆ ತುರುಕಿದ. ಅಷ್ಟರಲ್ಲಿ ಗಾಳಿಯ ಜೊತೆ ಜಡಿ ಹಿಡಿದು ಎರಚಲು ಒಳಗೆ ಬಂತು.

“ಬಾಗ್ಲು ಎಳೀಲಾ ಮಲ್ಲೇಶ, ಸೀತ ಬತ್ತೈತೆ. ಹತ್ತು ತಿಂಗ್ಳು ಕಾಯ್ದಿರೋ ಕಾಯಿ” ಎಂದರು ಯಜಮಾನರು ಮೇಲಿನಿಂದ.

ಮಲ್ಲೇಶ ಶಟರ್ ಎಳೆದ. ಅಟ್ಟದ ಕಿಟಕಿಗಳಿಗೆ ಆಗಲೇ ಪ್ಲಾಸ್ಟಿಕ್ ಹಾಳೆ ಬಡಿದಿತ್ತು. ಮುಚ್ಚಿದ ಬಾಗಿಲನ್ನು ನಾನು ಕಣ್ಣಾರೆ ನೋಡಿದೆ. ಕಪ್ಪುಹಲಗೆಯ ವಾಕ್ಯ ನೆನಪಿಗೆ ಬಂತು. ಬರಲಿಲ್ಲ ಎಂದು ಸುಳ್ಳು ಹೇಳಲಾರೆ. “ಯಜಮಾನ್ರೇ, ಎಂಜಿನ್ ಹಚ್ತೀವಿ, ಕೆಳಗೆ ಬನ್ನಿ” ಎಂದು ಒಂದು ಸಲ ಕೂಗಿದೆ.

“ಅಯ್ಯೋ ಬುಡಿ ಮೇಷ್ಟ್ರೇ, ಮಟ್ಟೆ ಹೊಗೇಲಿ ಐವತ್ತು ವರ್ಷ ಕುಂತೋನು ನಾನು. ನಿಮ್ ಎಂಜಿನ್ ಹೊಗೆ ಏನ್ಮಾಡ್ತೈತೆ?”

ಐದು ನಿಮಿಷದ ಕೆಲಸ ತಾನೆ ಎಂದುಕೊಂಡೆ. ಹಿರಿಯರ ಜೊತೆ ವಾದ ಮಾಡಲು ಸಂಕೋಚವೂ ಆಯಿತು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬ ಗಾದೆಯನ್ನು ನಾನು ಎಷ್ಟೋ ಜನರ ಮೇಲೆ ಹೇರಿದ್ದೇನೆ. ಆ ದಿನ ಬದನೆಕಾಯಿ ತಿಂದವನು ನಾನು.

ಮಲ್ಲೇಶ ಎಂಜಿನ್ ಹಚ್ಚಿದ. ಹೊಸ ಕೊಳವೆಯ ಸದ್ದಿಗೆ ತಗಡಿನ ಗೋಡೆ ಅದುರಿತು. ಮೊದಲ ಜೋಡಣೆಯಲ್ಲಿ ಗುಳ್ಳೆ ಬಂತು, ಬಿಗಿ ಮಾಡಿದ. ಎರಡನೆಯದರಲ್ಲಿ ಬಂತು. ಅದನ್ನು ಬಿಗಿ ಮಾಡುವಷ್ಟರಲ್ಲಿ ಮೊದಲನೆಯದು ಮತ್ತೆ ಸೋರಿತು. ಐದು ನಿಮಿಷ ಇಪ್ಪತ್ತೈದಾಯಿತು. ಕಣ್ಣಿಗೆ ಕಾಣುವ ಹೊಗೆ ಚೂರೂ ಇರಲಿಲ್ಲ. “ನೋಡ್ರೀ ಸಾರ್, ಎಷ್ಟು ಕ್ಲೀನಾಗೈತೆ” ಎಂದ ಮಲ್ಲೇಶ. ನನಗೆ ಹಣೆ ಸಿಡಿಯುತ್ತಿತ್ತು. ಊಟ ತಡವಾದದ್ದಕ್ಕೆ ಎಂದುಕೊಂಡೆ. ಮಲ್ಲೇಶ ಗಾಡಿಯ ಕೆಳಗಿನಿಂದ ಹೊರಬಂದು, ಹೊಟ್ಟೆ ತೊಳಸ್ತೈತೆ ಎಂದ. ಖಾಲಿ ಹೊಟ್ಟೆ ಎಂದೆ. ಮೂವತ್ತೊಂದು ವರ್ಷ ಅದೇ ಲಕ್ಷಣಗಳನ್ನು ಅದೇ ಕ್ರಮದಲ್ಲಿ ಪಾಠ ಮಾಡಿದವನು ನಾನು. ಆ ಅನಿಲ ಮೊದಲು ಕೆಡಿಸುವುದು ಬುದ್ಧಿಯನ್ನು ಎಂಬುದನ್ನು ಮಾತ್ರ ಯಾವ ವರ್ಷವೂ ಹೇಳಿಕೊಟ್ಟಿರಲಿಲ್ಲ.

ಊಟಕ್ಕೆಂದು ಎಂಜಿನ್ ನಿಲ್ಲಿಸಿದ. ಆಗ ಮೇಲಿನಿಂದ ಲೊಡಲೊಡ ಕೇಳಬೇಕಿತ್ತು. ಮಳೆಯ ಸದ್ದು ಮಾತ್ರ ಕೇಳಿಸಿತು.

“ಅಪ್ಪಯ್ಯಾ” ಎಂದ ಮಲ್ಲೇಶ. ಇನ್ನೊಂದು ಸಲ ಕರೆದ. ನಾನು ಕುರ್ಚಿಯಿಂದ ಎದ್ದವನು ಎರಡು ಹೆಜ್ಜೆಗೆ ತೂರಾಡಿ ಗಾಡಿ ಹಿಡಿದುಕೊಂಡೆ. ಶಟರ್ ಎತ್ತು ಎಂದು ಕೂಗಿದೆ, ಅಥವಾ ಕೂಗಿದೆ ಎಂದುಕೊಂಡೆ. ಅವನು ಶಟರ್ ಎತ್ತಿ ಏಣಿಗೆ ಓಡಿದ. ನಾಲ್ಕನೆಯ ಮೆಟ್ಟಿಲಲ್ಲಿ ಕಾಲು ಸೋತು ಕೆಳಗೆ ಕುಸಿದು ವಾಂತಿ ಮಾಡಿಕೊಂಡ. ಸದ್ದು ಕೇಳಿ ಮನೆಯಿಂದ ಬಂದ ಅವನ ಹೆಂಡತಿ ಸುಜಾತ ಒಂದು ಮಾತೂ ಕೇಳದೆ ಸೆರಗು ಸಿಕ್ಕಿಸಿ ಅಟ್ಟ ಹತ್ತಿದಳು. ಮೊದಲು ಕಿಟಕಿಯ ಪ್ಲಾಸ್ಟಿಕ್ ಕಿತ್ತು ಬಿಸಾಡಿದಳು. ಆಮೇಲೆ ಮಾವನನ್ನು ಎಳೆಯತೊಡಗಿದಳು. ಕಾಲಡಿಯ ಕಾಯಿಗಳು ಉರುಳಿ ಅಂಚಿನಿಂದ ಗಾಡಿಯ ಬಾನೆಟ್ಟಿನ ಮೇಲೆ ಧಡಧಡ ಬೀಳುತ್ತಿದ್ದವು. ಅಕ್ಕಪಕ್ಕದ ಇಬ್ಬರು ಬಂದು ಯಜಮಾನರನ್ನು ಗೋಣಿತಾಟಿನಲ್ಲಿ ಸುತ್ತಿ ಇಳಿಸಿದರು. ಅಷ್ಟೂ ಹೊತ್ತು ನಾನು ಮಾಡಿದ ಕೆಲಸ ಏಣಿ ಹಿಡಿದುಕೊಂಡದ್ದು.

ಉಸಿರಿತ್ತು. ಮುಖ ಕೆಂಪಗೆ ಚೆನ್ನಾಗಿಯೇ ಕಾಣುತ್ತಿತ್ತು, ಅದು ಈ ವಿಷದ ಮೋಸ. ಎಂಜಿನ್ನಿನ ಬಿಸಿ ಗಾಳಿಯೆಲ್ಲ ಪಟ್ಟಿಗಳ ಸಂದಿನಿಂದ ಅಟ್ಟಕ್ಕೇ ಏರಿತ್ತು. ಆಂಬುಲೆನ್ಸಿಗೆ ಫೋನು ಮಾಡಿದರೆ ಬೇರೆ ಊರಿಗೆ ಹೋಗಿದೆ, ನಲವತ್ತು ನಿಮಿಷ ಎಂದರು. ಊರಿನಲ್ಲಿದ್ದ ಇನ್ನೊಂದು ಗಾಡಿ ಸಂತೆಗೆ ಹೋಗಿತ್ತು. ಉಳಿದದ್ದು ಈ ಪಿಕಪ್. ಅದರ ಹಿಂದಿನ ಚಕ್ರಗಳು ನೆಲದಿಂದ ಒಂದಡಿ ಮೇಲೆ ದಿಮ್ಮಿಯ ಮೇಲಿದ್ದವು. ಜಾಕು ಕೊಟ್ಟು ಎತ್ತಿ, ದಿಮ್ಮಿ ಸರಿಸಿ, ಒಂದೊಂದೇ ಬದಿ ಇಳಿಸಬೇಕು. ಅವಸರ ಮಾಡಿದರೆ ಗಾಡಿ ಮಗುಚುತ್ತದೆ. ನಿಧಾನ, ನಿಧಾನ ಎಂದು ನಾನೇ ಹೇಳುತ್ತಿದ್ದೆ, ಹೇಳುತ್ತಾ ಅಳುತ್ತಿದ್ದೆ. ಆ ಗಡಿಬಿಡಿಯಲ್ಲಿ ಅದು ಯಾರಿಗೂ ಕಾಣಲಿಲ್ಲ.

ಯಜಮಾನರನ್ನು ಹಿಂದೆ ಮಲಗಿಸಿ ಚಾಲೂ ಮಾಡಿದರೆ ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಕೊಳವೆಯ ಬಾಯಲ್ಲಿ ನಾರು ಹಾಗೆಯೇ ಇತ್ತು, ಗಾಡಿ ಇಳಿಸುವಾಗ ಇನ್ನಷ್ಟು ಒಳಗೆ ಒತ್ತಿಕೊಂಡಿತ್ತು. ಕಾದ ಕೊಳವೆಗೆ ಕೈ ಹಾಕಿ ಕಿತ್ತೆ. ಆ ಸುಟ್ಟ ಕಲೆ ಬಲಗೈಯ ಎರಡು ಬೆರಳಿನ ಮೇಲೆ ಈಗಲೂ ಇದೆ. ಪಕ್ಕದ ಮನೆಯವರು ಓಡಿಸಿದರು, ನಾನು ಮುಂದೆ ಅವರ ಪಕ್ಕ ಕೂತೆ. ಮಲ್ಲೇಶ ತಂದೆಯ ತಲೆ ತೊಡೆಯ ಮೇಲಿಟ್ಟುಕೊಂಡು ಮಳೆಯಲ್ಲಿ ಕೂತಿದ್ದ. ಹೊಸ ಸೈಲೆನ್ಸರಿನ ಅಬ್ಬರಕ್ಕೆ ದಾರಿಯುದ್ದಕ್ಕೂ ಜನ ಯಾವನೋ ಶೋಕಿಯವನು ಹೋಗುತ್ತಿದ್ದಾನೆ ಎಂಬಂತೆ ತಿರುಗಿ ನೋಡಿದರು.

ಆಸ್ಪತ್ರೆಯಲ್ಲಿ ಬೆರಳಿಗೆ ಸಿಕ್ಕಿಸಿದ ಆಮ್ಲಜನಕದ ಕ್ಲಿಪ್ಪು ತೊಂಬತ್ತೆಂಟು ತೋರಿಸಿತು. ಮಲ್ಲೇಶನ ಮುಖ ಅರಳಿತು. ಏನಾಯಿತೆಂದು ನಾನು ಹೇಳಿದ ಮೇಲೆ ಡಾಕ್ಟರಮ್ಮ ಆ ಕ್ಲಿಪ್ಪನ್ನು ತೆಗೆದು ಪಕ್ಕಕ್ಕಿಟ್ಟರು.

“ಇಂಥ ಕೇಸಲ್ಲಿ ಇದನ್ನ ನಂಬೋ ಹಾಗಿಲ್ಲ. ಆಮ್ಲಜನಕ ಯಾವುದು, ವಿಷ ಯಾವುದು ಅಂತ ಇದಕ್ಕೆ ಗೊತ್ತಾಗಲ್ಲ” ಎಂದರು.

ಮಾಸ್ಕ್ ಹಾಕಿ ಪೂರ್ತಿ ಆಮ್ಲಜನಕ ಕೊಟ್ಟು, ಅಲ್ಲಿಂದ ತುಮಕೂರಿಗೆ ಕಳಿಸಿದರು. ಎರಡನೆಯ ದಿನ ಯಜಮಾನರು ಕಣ್ಣು ಬಿಟ್ಟರು. ಆರನೆಯ ದಿನ ಮನೆಗೆ ಬಂದು, “ಮೇಷ್ಟ್ರಿಗೆ ಊಟ ಹಾಕುದ್ರಾ ಅವತ್ತು?” ಎಂದು ಕೇಳಿದರಂತೆ. ಆ ಮಾತನ್ನು ಮಲ್ಲೇಶ ಫೋನಿನಲ್ಲಿ ಹೇಳಿದಾಗ ನಾನು ಮನೆದೇವರಿಗೆ ಕಾಯಿ ಒಡೆಸಿದೆ. ಗಂಡಾಂತರ ಕಳೆಯಿತು ಎಂದೇ ನಂಬಿದೆ.

ಮೂರು ವಾರದ ಮೇಲೆ ಸುಜಾತ ಫೋನು ಮಾಡಿದಳು. ಮಾವ ದಿನಕ್ಕೆ ನಾಲ್ಕು ಸಲ ಸ್ನಾನಕ್ಕೆ ಹೊರಡುತ್ತಾರೆ, ತೋಟದ ದಾರಿ ತಪ್ಪುತ್ತಾರೆ ಎಂದಳು. ಈ ಅನಿಲ ಹೀಗೂ ಮಾಡುವುದುಂಟಂತೆ. ವಾಸಿಯಾದಂತೆ ತೋರಿಸಿ, ವಾರಗಳ ನಂತರ ಮಿದುಳಿನಿಂದ ತನ್ನ ಪಾಲು ವಸೂಲು ಮಾಡುತ್ತದೆ. ಕೆಲವರು ಸರಿಹೋಗುತ್ತಾರೆ, ಕೆಲವರು ಇಲ್ಲ, ಕಾಯಬೇಕು ಎಂದರು ತುಮಕೂರಿನ ಡಾಕ್ಟರು. ಮೂವತ್ತೊಂದು ವರ್ಷದಲ್ಲಿ ನಾನು ರಿಪೇರಿ ಮಾಡಲಾಗದ ಎಂಜಿನ್ನುಗಳನ್ನು ಕಂಡಿದ್ದೇನೆ. ಅವಕ್ಕೆ ಬೇರೆ ಎಂಜಿನ್ ತಂದು ಕೂರಿಸಬಹುದಿತ್ತು.

ಅವರ ಅಟ್ಟದ ಕಾಯಿ ಇಳಿಸುವ ದಿನ ನಾನು ಹೋದೆ. ಆ ಎಕ್ಸಾಸ್ಟನ್ನು ಬಿಚ್ಚಿಸಿ, ಕನ್ವರ್ಟರ್ ಇರುವ ಕಂಪನಿಯದನ್ನೇ ಮಲ್ಲೇಶ ಹಾಕಿಸಿದ್ದ. ಈಗ ನಾನು ಯಾರ ಮನೆಯಲ್ಲಿ ಗಾಡಿ ಮುಟ್ಟಿದರೂ ಮೊದಲು ಬಾಗಿಲು ತೆರೆಸುತ್ತೇನೆ, ಒಳಗೆ, ಮೇಲೆ ಯಾರ್ಯಾರಿದ್ದಾರೆ ಎಂದು ಕೂಗಿ, ಅವರು ಹೊರಗೆ ಬರುವವರೆಗೆ ಕೀಲಿಯನ್ನು ಜೇಬಿನಲ್ಲಿಟ್ಟುಕೊಳ್ಳುತ್ತೇನೆ. ಹಿರಿಯರು ಬುಡಿ ಎಂದರೂ ಬಿಡುವುದಿಲ್ಲ. ವೃತ್ತಿ ನನಗೆ ಕಲಿಸಿದ ಪಾಠ ಇಷ್ಟೆ: ಗೊತ್ತಿರುವುದು ಯಾರನ್ನೂ ಕಾಪಾಡುವುದಿಲ್ಲ, ಗೊತ್ತಿದ್ದದ್ದನ್ನು ಆ ಗಳಿಗೆಯಲ್ಲಿ ಹಟ ಹಿಡಿದು ಮಾಡಿಸಿದರೆ ಮಾತ್ರ ಕಾಪಾಡುತ್ತದೆ. ಕಲಿಯಲು ಮೂವತ್ತೆರಡು ವರ್ಷ ಹಿಡಿಯಿತು.

ಯಜಮಾನರು ಜಗಲಿಯ ಮೇಲೆ ಕೂತಿದ್ದರು. ಒಂದೊಂದೇ ಕಾಯಿ ಎತ್ತಿ ಮೊದಲಿನಂತೆಯೇ ಕಣ್ಣು ಮುಚ್ಚಿ ಕಿವಿಯ ಹತ್ತಿರ ಕುಲುಕಿ, ತಲೆಯಾಡಿಸಿ, ಬಲಗಡೆಯ ರಾಶಿಗೆ ಹಾಕುತ್ತಿದ್ದರು. ಲೊಡಲೊಡ ಎಂದದ್ದೂ ಅಲ್ಲಿಗೇ, ಗುಳುಗುಳು ಎಂದದ್ದೂ ಅಲ್ಲಿಗೇ. ಅವರ ಬೆನ್ನ ಹಿಂದೆ ಮಲ್ಲೇಶ ಸದ್ದು ಮಾಡದೆ ಆ ರಾಶಿಯನ್ನು ಮತ್ತೆ ಬೇರೆ ಮಾಡುತ್ತಿದ್ದ.

ನಾನು ಹತ್ತಿರ ಕೂತೆ. ನನ್ನ ಗುರುತು ಸಿಕ್ಕಿತೋ ಇಲ್ಲವೋ ತಿಳಿಯಲಿಲ್ಲ. ಕೈಯಲ್ಲಿದ್ದ ಕಾಯಿಯನ್ನು ಕುಲುಕಿದರು, ಇನ್ನೊಂದು ಸಲ ಕುಲುಕಿದರು. ಆಮೇಲೆ ಅದನ್ನು ನನ್ನ ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಕೇಳಿದರು.

“ಏನೋ ಯೋಳ್ತೈತೆ ಕಣ್ರೀ ಇದು. ಏನದು?”