ಅತ್ತಿಯ ಎಡಗೈ

ಟ್ರಂಕಿನಿಂದ ಕಂಬಳಿ ತೆಗೆದೆ. ನೇಯುವಾಗ ಎಳೆಗೆ ಹಚ್ಚಿದ ಹುಣಸೆಬೀಜದ ಗಂಜಿಯ ಹುಳಿವಾಸನೆ ಇನ್ನೂ ಹೋಗಿಲ್ಲ... ಆ ವಾಸನೆ ಬಂದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಅದರ ಉಣ್ಣೆ ನೂತವರು ಪಕ್ಕದ ಮನೆಯ ಅತ್ತಿ. ಉದಗೀರದ ಹತ್ತಿರದ ನಮ್ಮೂರಲ್ಲಿ ಅವರಷ್ಟು ಸಣ್ಣ ಎಳೆ ತೆಗೆಯುವವರು ಇರಲಿಲ್ಲ. ತೊಂಬತ್ತಮೂರರ ಭೂಕಂಪದಲ್ಲಿ ಗೋಡೆಯ ಕಲ್ಲು ಅವರ ಬಲಗೈ ಮೇಲೆ ಬಿದ್ದಿತ್ತು, ಅದು ವಾಸಿಯಾಯಿತು. ಎರಡು ವರ್ಷದ ಮೇಲೆ ಎರಡೂ ಕೈಗಳ ಗೆಣ್ಣು ಊದಿಕೊಂಡವು. ಬಿಸಿಲೇರುವವರೆಗೆ ಮುಷ್ಟಿ ಕಟ್ಟಲು ಬಾರದು. ಚಹಾದ ಬಟ್ಟಲನ್ನು ಅಂಗೈಗಳ ನಡುವೆ ಒತ್ತಿ ಹಿಡಿಯುತ್ತಿದ್ದರು.

ಭೂಕಂಪದ ಪೆಟ್ಟು ಎಂದಿತು ಊರು. ಆಗ ನಮ್ಮಲ್ಲಿ ಹಲ್ಲುನೋವಿಗೂ ಭೂಕಂಪವೇ ಕಾರಣ. ಎಲುಬು ಕಟ್ಟುವವನ ಬಳಿ ಕರೆದೊಯ್ದ ಜಾಣ ನಾನೇ. ಅವನು ತಿಕ್ಕಿದ, ಎಳೆದ, ಬಿದಿರಿನ ದಬ್ಬೆಯಿಟ್ಟು ಬಿಗಿದ.

"ಅಣ್ಣಾ, ಕಲ್ಲು ಬಿದ್ದದ್ದು ಬಲಗೈ ಮ್ಯಾಲ. ಎಡಗೈ ಯಾಕ ಊದ್ಯದ?" ಅತ್ತಿ ಕೇಳಿದರು.

"ನಡುಗಿದ್ದು ಭೂಮಿ ಅವ್ವಾ! ಎಡಗೈ ಏನ್ ಬ್ಯಾರೆ ತಾಲೂಕಿನಾಗ ಇತ್ತೇನು? ಬರೋಬರ್ ಆಗ್ತದ, ಸುಮ್ಕಿರು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಹಲ್ಲಿ ಲೊಚಗುಟ್ಟಿದರೂ ನಿದ್ದೆಗೆಡುವ ನಾನು, ಚಿಂತಿಸಲೇಬೇಕಿದ್ದ ಒಂದೇ ಒಂದು ಕಡೆ ನಕ್ಕೆ!

ವರ್ಷವಿಡೀ ಕಟ್ಟು ಬಿಚ್ಚಿ ಕಟ್ಟಿದ್ದೇ ಆಯಿತು. ಕೊನೆಗೆ ಉದಗೀರದ ಡಾಕ್ಟರು ಎಕ್ಸ್‌ರೇ ತೋರಿಸಿದರು: ಕೀಲಿನ ಅಂಚುಗಳು ನುಸಿ ತಿಂದ ಕಂಬಳಿಯಂತೆ. ದೇಹವು ಹಳೆಯ ಎಲುಬನ್ನು ದಿನವೂ ಅಷ್ಟಷ್ಟು ಕೆಡವಿ ಹೊಸದನ್ನು ಕಟ್ಟುತ್ತದಂತೆ. ರೋಗ ತಡೆಯಬೇಕಾದ ಕಾವಲು ಕಣಗಳೇ ದಾರಿ ತಪ್ಪಿ ಕೀಲಿನ ಮೇಲೆ ಬಿದ್ದಿದ್ದವು. ಕೆಡವುವ ಕಣಗಳನ್ನು ಹುರಿದುಂಬಿಸಿ, ಕಟ್ಟುವವುಗಳ ಕೈ ಕಟ್ಟಿದ್ದವು. ಬೇಗ ಬಂದಿದ್ದರೆ ಔಷಧದಿಂದ ತಡೆಯಬಹುದಿತ್ತು ಎಂದರು. ಬೇಗ...

"ಹಟ್ಟಿ ಕಾಯೋ ನಾಯಿನೇ ಕುರಿ ಹಿಡದಾವ ಅನ್ರಿ," ಎಂದರು ಅತ್ತಿ. ಆಮೇಲೆ ನನ್ನತ್ತ ತಿರುಗಿ, "ನೀ ಯಾಕ ಅಳತಿ, ಖೋಡಿ? ನಾಯಿ ಸಾಕಿದಾಕಿ ನಾ," ಎಂದರು.

ಮಾತ್ರೆಗಳಿಂದ ಬಾವು ಇಳಿಯಿತು. ಸೊಟ್ಟಗಾದ ಬೆರಳು ನೆಟ್ಟಗಾಗಲಿಲ್ಲ. ನೂಲುವ ಕದಿರು ಗೋಡೆಯ ಗೂಟದಲ್ಲೇ ಉಳಿಯಿತು.

ಈ ಕಂಬಳಿಯ ಒಂದು ಅಂಚಿನಲ್ಲಿ ಎಳೆಗಳು ದಪ್ಪ, ಗಂಟು ಗಂಟು. ಕಟ್ಟು ಬದಲಿಸುವ ದಿನಗಳಲ್ಲಿ ಹಟ ಹಿಡಿದು ನೂತದ್ದು. ಅತ್ತಿ ಇಲ್ಲ. ಎಲುಬು ಕಟ್ಟುವವನೂ ಹೋದ. ನಾನು ಮಾತ್ರ ದಿನಾ ಬೆಳಿಗ್ಗೆ ಹಾಸಿಗೆಯಲ್ಲೇ ಬೆರಳು ಮಡಚಿ ಪರೀಕ್ಷಿಸಿಕೊಳ್ಳುತ್ತೇನೆ.

ಇವತ್ತೂ ಎರಡೂ ಮುಷ್ಟಿ ಬಿಗಿಯಾಗಿ ಕಟ್ಟಿದವು. ಗುದ್ದಿಸಿಕೊಳ್ಳಲು ನನ್ನ ಬಿಟ್ಟು ಯಾರೂ ಉಳಿದಿಲ್ಲ.